ಉಗುರಿನ ಬುಡದ ಚರ್ಮದ ತಂಟೆಗೆ ಹೋಗಬೇಡಿ

ಪ್ರಶ್ನೆ: ಮೇಡಂ, ಮುಂದಿನ ತಿಂಗಳು ತಮ್ಮನ ಮದುವೆ. ಹೋದ ಸಲ ಪಾರ್ಲರ್‌ನಲ್ಲಿ ಮ್ಯಾನಿಕ್ಯೂರ್ ಮಾಡಿಸಿದಾಗ ಉಗುರಿನ ಬುಡದ ಚರ್ಮವನ್ನೆಲ್ಲ ಕತ್ತರಿಸಿ ತೆಗೆದರು. ನೋಡಲು ಚೆನ್ನಾಗಿತ್ತು, ಆದರೆ ಮೂರನೇ ದಿನಕ್ಕೆ ಹೆಬ್ಬೆರಳು ಊದಿಕೊಂಡು ಉಗುರುಸುತ್ತು ಆಯಿತು. ಅತ್ತೆ ನಿಂಬೆಹಣ್ಣು ಸಿಕ್ಕಿಸಿದರು. ಈ ಸಲ ಮನೆಯಲ್ಲೇ ಮಾಡಿಕೊಳ್ಳೋಣ ಅಂತಿದ್ದೇನೆ. ದಿನಾ ಪಾತ್ರೆ ತೊಳೆಯುವ ಕೈ ನನ್ನದು. ಹೇಗೆ ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಖಂಡಿತ ಮನೆಯಲ್ಲೇ ಮಾಡಿಕೊಳ್ಳಿ. ಒಂದು ಮಾತು ಮಾತ್ರ ನಡೆಸಿಕೊಡಿ, ಆ ಚರ್ಮವನ್ನು ಇನ್ನು ಯಾವತ್ತೂ ಕತ್ತರಿಸಬೇಡಿ, ಯಾರಿಗೂ ಕತ್ತರಿಸಲು ಬಿಡಬೇಡಿ. ಅದು ಕೊಳೆ ಅಲ್ಲ. ಉಗುರು ಹುಟ್ಟುವ ಜಾಗ ಅದರ ಅಡಿಯಲ್ಲೇ ಇದೆ, ನೀರು, ಸೋಪು, ರೋಗಾಣು ಒಳಗೆ ಇಳಿಯದ ಹಾಗೆ ಅದು ಉಗುರಿಗೆ ಅಂಟಿಕೊಂಡು ಕಾಯುತ್ತಿರುತ್ತದೆ. ಅದನ್ನು ತೆಗೆದ ಮೇಲೆ ದಿನವಿಡೀ ಒದ್ದೆಯಾಗುವ ಕೈಗೆ ಉಗುರುಸುತ್ತು ಆಗುವುದು ಸುಲಭ.

ಇನ್ನೂ ಒಂದು ತಿಂಗಳು ಇದೆಯಲ್ವಾ, ಇವತ್ತಿಂದಲೇ ಶುರು ಮಾಡಿ. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ದಿನಾ ರಾತ್ರಿ ಮಲಗುವಾಗ ಉಗುರಿಗೂ ಬುಡಕ್ಕೂ ಎರಡು ಹನಿ ಕೊಬ್ಬರಿ ಎಣ್ಣೆ ತಿಕ್ಕಿ. ಪಾತ್ರೆ ತೊಳೆಯುವಾಗ ಗ್ಲೌಸ್ ಹಾಕಿಕೊಳ್ಳಿ. ಇವೆರಡರಿಂದ ಆಗುವಷ್ಟು ಒಳ್ಳೆಯದು ಯಾವ ದುಬಾರಿ ಕ್ರೀಮಿನಿಂದಲೂ ಆಗುವುದಿಲ್ಲ ಅನ್ನುವುದು ನನ್ನ ಅನುಭವ.

ಮ್ಯಾನಿಕ್ಯೂರ್ ಮಾಡುವ ದಿನ ಮೊದಲು ಹಳೆಯ ಪಾಲಿಶ್ ತೆಗೆಯಿರಿ. ಉಗುರು ಒಣಗಿರುವಾಗಲೇ ಕತ್ತರಿಸಿ ಫೈಲ್ ಮಾಡಿ, ಒದ್ದೆ ಉಗುರು ಮೆತ್ತಗಾಗಿ ಬೇಗ ಹರಿಯುತ್ತದೆ. ಫೈಲನ್ನು ಗರಗಸದ ಹಾಗೆ ಹಿಂದೆ ಮುಂದೆ ಎಳೆಯಬೇಡಿ, ಅಂಚಿನಿಂದ ನಡುವಿನ ಕಡೆಗೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಶಾಂಪೂ ಹಾಕಿ ಐದು ನಿಮಿಷ ಕೈ ಅದ್ದಿಡಿ, ಅದಕ್ಕಿಂತ ಜಾಸ್ತಿ ಬೇಡ. ಮೆತ್ತನೆಯ ಹಲ್ಲುಜ್ಜುವ ಬ್ರಶ್‌ನಿಂದ ಉಗುರಿನ ಅಡಿ ಉಜ್ಜಿ. ಬುಡದ ಚರ್ಮವನ್ನು ಟವೆಲ್ ಸುತ್ತಿದ ಬೆರಳಿನಿಂದ ಹಗುರವಾಗಿ ಹಿಂದಕ್ಕೆ ಒತ್ತಿದರೆ ಸಾಕು. ಪಕ್ಕದಲ್ಲಿ ಸಿಬಿರು ಎದ್ದಿದ್ದರೆ ಕೀಳಬೇಡಿ, ಎದ್ದಷ್ಟನ್ನೇ ಚಿಕ್ಕ ಕತ್ತರಿಯಿಂದ ತೆಗೆಯಿರಿ. ಕೊನೆಗೆ ಎಣ್ಣೆ ತಿಕ್ಕಿ.

ಪಾಲಿಶನ್ನು ಅದೇ ಹೊತ್ತಿಗೆ ಹಚ್ಚಬೇಡಿ. ನೀರು ಕುಡಿದ ಉಗುರು ಸ್ವಲ್ಪ ಉಬ್ಬಿರುತ್ತದೆ, ಒಣಗಿ ಕುಗ್ಗಿದಾಗ ಮೇಲಿನ ಬಣ್ಣ ಚಕ್ಕೆ ಏಳುತ್ತದೆ. ಒಂದೆರಡು ಗಂಟೆ ಬಿಡಿ, ಹತ್ತಿಗೆ ರಿಮೂವರ್ ಹಾಕಿ ಎಣ್ಣೆ ಜಿಡ್ಡು ಒರೆಸಿ, ಬೇಸ್ ಕೋಟ್ ಹಾಕಿ (ಇದಿಲ್ಲದೆ ಗಾಢ ಬಣ್ಣ ಹಚ್ಚಿದರೆ ಉಗುರು ಹಳದಿಯಾಗುತ್ತದೆ, ಪಾಪ, ಅರಿಶಿನಕ್ಕೆ ಬೈಗುಳ), ಆಮೇಲೆ ದಪ್ಪಗೆ ಒಂದು ಸಲ ಬಳಿಯುವ ಬದಲು ತೆಳ್ಳಗೆ ಎರಡು ಸಲ ಹಚ್ಚಿ. ಉಗುರಿನ ತುದಿಯ ಅಂಚಿಗೂ ಒಂದು ಸಲ ಬ್ರಶ್ ಆಡಿಸಿ, ಪಾಲಿಶ್ ಜಾಸ್ತಿ ದಿನ ಇರುತ್ತದೆ.

ನಿಂಬೆಹಣ್ಣಿನ ವಿಷಯ. ಅತ್ತೆಯವರು ಪ್ರೀತಿಯಿಂದ ಮಾಡಿದ್ದು, ಆದರೆ ಒಳಗೆ ಸೇರಿದ ಕೀವನ್ನು ನಿಂಬೆ ತೆಗೆಯುವುದಿಲ್ಲ, ಒಡೆದ ಚರ್ಮಕ್ಕೆ ಉರಿ ಬೇರೆ. ಶುರುವಿನಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಬೆಚ್ಚಗಿನ ನೀರಿನಲ್ಲಿ ಬೆರಳು ಅದ್ದಿ, ಚೆನ್ನಾಗಿ ಒರೆಸಿ ಒಣಗಿಸಿ. ಕೀವು ತುಂಬಿದರೆ ಡಾಕ್ಟರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ ಇದ್ದವರು ಅಷ್ಟು ದಿನವೂ ಕಾಯಬಾರದು.

ಪ್ರಶ್ನೆ: ಮಗಳ ಉಗುರಿನ ಮೇಲೆ ಬಿಳಿ ಚುಕ್ಕೆಗಳಿವೆ. ಕ್ಯಾಲ್ಸಿಯಂ ಕಮ್ಮಿ ಅಂತಾರೆ, ನಿಜವಾ?
– ಓದುಗರು, ಶಿರಸಿ

ಉತ್ತರ: ಸಾಮಾನ್ಯವಾಗಿ ಅಲ್ಲ. ಎಲ್ಲೋ ತಗುಲಿದ, ಉಗುರು ಕಚ್ಚಿದ ಸಣ್ಣ ಪೆಟ್ಟಿನ ಗುರುತು ಅದು. ಉಗುರು ಬೆಳೆದ ಹಾಗೆ ತುದಿಗೆ ಸರಿದು ಹೋಗುತ್ತದೆ, ಸುಮ್ನೆ ಮಾತ್ರೆ ನುಂಗಿಸಬೇಡಿ. ಉಗುರು ಚಮಚದ ಹಾಗೆ ಗುಳಿ ಬಿದ್ದಿದ್ದರೆ ಮಾತ್ರ ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣದ ಅಂಶ ಕಮ್ಮಿ ಇರಬಹುದು.