ಓದುಗರ ಪ್ರಶ್ನೆ: ಗ್ದಾನ್ಸ್ಕ್ ಆಚೆಗಿನ ಕಾಶುಬಿಯಾ ಹಳ್ಳಿಗಳಲ್ಲಿ ಏನು ನೋಡೋದು?

ಪ್ರಶ್ನೆ: ಮಗಳು ಪೋಲೆಂಡ್‌ನ ಗ್ದಾನ್ಸ್ಕ್‌ನಲ್ಲಿ ಓದ್ತಿದ್ದಾಳೆ, ಜೂನ್ ಕೊನೇಲಿ ನಾನೂ ನಮ್ಮ ಮನೆಯವ್ರೂ ಹೋಗ್ತಿದೀವಿ. ಪಕ್ಕದಲ್ಲೇ ಕಾಶುಬಿಯಾ ಅಂತ ಕೆರೆ, ಕಾಡು ಇರೋ ಪ್ರದೇಶ ಇದೆಯಂತೆ, ಸಣ್ಣ ಸಣ್ಣ ಮ್ಯೂಸಿಯಂ ಇವೆಯಂತೆ. ತಲೆಕೆಳಗಾದ ಮನೆ ನೋಡ್ಕೊಂಡು ಬಂದ್ರೆ ಸಾಕು ಅಂತಾಳೆ ಮಗಳು. ಅಷ್ಟೇನಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅಷ್ಟೇ ಅಲ್ಲ ಸರ್, ಅದೊಂದನ್ನೇ ನೋಡಿ ವಾಪಸ್ ಬಂದ್ರೆ ನಿಜವಾದ ಕಾಶುಬಿಯಾ ನಿಮ್ಮ ಕಣ್ಣಿಗೇ ಬೀಳಲ್ಲ. ಒಂದೇ ದಿನ ಇದ್ರೆ ಸೀದಾ ವ್ಜಿಡ್ಜೆ ಅನ್ನೋ ಹಳ್ಳಿಗೆ ಹೋಗಿ, ಮಿಕ್ಕಿದ್ದೆಲ್ಲ ಆಮೇಲೆ.

ಯಾಕೆ ಅಂದ್ರೆ, ಅಲ್ಲಿರೋ ಬಯಲು ಮ್ಯೂಸಿಯಂ ಶುರುವಾಗಿದ್ದು 1906ರಲ್ಲಿ, ಈಗಿನ ಪೋಲೆಂಡ್ ನೆಲದಲ್ಲಿ ಈ ಥರದ್ದು ಅದೇ ಮೊದಲನೇದು. ಆಗ ಪೋಲೆಂಡ್ ಅನ್ನೋ ದೇಶವೇ ನಕ್ಷೆಯಲ್ಲಿರ್ಲಿಲ್ಲ, ಈ ಭಾಗ ಪ್ರಷ್ಯಾದ ಕೈಲಿತ್ತು. ಇಜಿದೊರ್ ಗುಲ್ಗೊವ್ಸ್ಕಿ ಅಂತ ಹಳ್ಳಿ ಸ್ಕೂಲ್ ಮೇಷ್ಟ್ರು ಮತ್ತೆ ಅವರ ಹೆಂಡತಿ ತೆಯೊದೊರಾ, ಆಕೆ ಚಿತ್ರ ಬರೀತಿದ್ರು, ಇಬ್ಬರೂ ಸೇರಿ ಒಂದು ಹಳೇ ಹುಲ್ಲು ಮಾಡಿನ ಮನೆ ಕೊಂಡು ಒಳಗೆ ಊರಿನ ಪಾತ್ರೆ, ಪೆಟ್ಟಿಗೆ, ಬಟ್ಟೆ ಎಲ್ಲಾ ಜೋಡಿಸಿಟ್ರು. ಆ ಮನೆ 1932ರಲ್ಲಿ ಸುಟ್ಟುಹೋಯ್ತು, 1936ರಲ್ಲಿ ತೆಯೊದೊರಾ ಹಠ ಹಿಡಿದು ಮತ್ತೆ ಕಟ್ಟಿಸಿದ್ರು, ಅಷ್ಟೊತ್ತಿಗೆ ಗಂಡ ತೀರಿಕೊಂಡಾಗಿತ್ತು. ಇವತ್ತು ಅಲ್ಲಿ ಬೇರೆ ಬೇರೆ ಹಳ್ಳಿಯಿಂದ ಬಿಚ್ಚಿ ತಂದು ಮತ್ತೆ ನಿಲ್ಲಿಸಿರೋ ಮರದ ಚರ್ಚು, ಗಾಳಿ ಗಿರಣಿ, ಹಳೇ ಸ್ಕೂಲು, ರೈತರ ಮನೆ, ಜಮೀನ್ದಾರರ ಮನೆ ಎಲ್ಲಾ ಇವೆ, ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡಿದ್ರೆ ನಿಮಗೆ ತಕ್ಷಣ ಗೊತ್ತಾಗತ್ತೆ ಯಾವ ಥರದ ಜಾಗ ಅಂತ. ಅರ್ಧ ದಿನ ಬೇಕೇ ಬೇಕು, ಕೆರೆ ದಡದಲ್ಲೇ ಇದೆ. ಜುಲೈನಲ್ಲಿ ದೊಡ್ಡ ಜಾತ್ರೆ ಥರ ಕುಶಲಕರ್ಮಿಗಳ ಸಂತೆ ನಡೆಯತ್ತೆ, ನಿಮ್ಮ ಟಿಕೆಟ್ ಮುಂದಕ್ಕೆ ಹಾಕಕ್ಕಾದ್ರೆ ಅದನ್ನೂ ನೋಡಬಹುದು.

ನಿಮ್ಮ ಮನೆಯವ್ರಿಗೆ ಕಸೂತಿ ಇಷ್ಟ ಇದ್ರೆ ಇನ್ನೂ ಒಳ್ಳೇದು. ಕಾಶುಬಿಯನ್ ಕಸೂತಿ ಅಂತ ಎಲ್ಲಾ ಕಡೆ ಮಾರೋ ನೀಲಿ ಹೂವಿನ ಬಟ್ಟೆ ಇದ್ಯಲ್ಲ, ಅದಕ್ಕೆ ಮತ್ತೆ ಜೀವ ಕೊಟ್ಟಿದ್ದು ಇದೇ ತೆಯೊದೊರಾ. ಹಳೇ ಡಿಸೈನ್ ಹುಡುಕಿ ತೆಗೆದು ಊರಿನ ಹೆಂಗಸರಿಗೆ ಕಲಿಸಿದ್ರು, ಬಡ ಮೀನುಗಾರರ ಹಳ್ಳಿ ಅದು, ಹೊಲಿಗೆಯಿಂದ ಮನೆಗೆ ನಾಲ್ಕು ಕಾಸು ಬರೋ ಹಾಗಾಯ್ತು. ಮೂರು ಥರದ ನೀಲಿ, ಜೊತೆಗೆ ಹಸಿರು, ಹಳದಿ, ಕೆಂಪು, ಕಪ್ಪು, ಒಟ್ಟು 7 ಬಣ್ಣ. ಕೊಳ್ಳೋದಾದ್ರೆ ಮ್ಯೂಸಿಯಂ ಅಂಗಡೀಲಿ ಅಥವಾ ಹೊಲಿಯೋರ ಹತ್ರಾನೇ ಕೊಳ್ಳಿ, ಮಷಿನ್‌ನಲ್ಲಿ ಮಾಡಿದ್ದು ಬೇಡ.

ಎರಡನೇ ದಿನ ಇದ್ರೆ ಕಾರ್ತುಜಿ. ಅಲ್ಲಿ ಕಾರ್ಥೂಸಿಯನ್ ಸನ್ಯಾಸಿಗಳ ಹಳೇ ಚರ್ಚಿನ ಮಾಡು ಶವಪೆಟ್ಟಿಗೆ ಮುಚ್ಚಳದ ಆಕಾರದಲ್ಲಿದೆ, ಸಾವನ್ನ ಮರೀಬೇಡಿ ಅಂತ. ಅದೇ ಊರಿನ ಕಾಶುಬಿಯನ್ ಮ್ಯೂಸಿಯಂ 1947ರಿಂದ ಇದೆ, ಚಿಕ್ಕದು, ಆದ್ರೆ ನಂಗೆ ತುಂಬಾ ಇಷ್ಟ. ಕೊಂಬಿನಲ್ಲಿ ಮಾಡಿದ ನಶ್ಯದ ಡಬ್ಬಿ, ಬಲೆ, ಹಳೇ ಕಪಾಟು, ಅದಕ್ಕಿಂತ ಹೆಚ್ಚಾಗಿ ವಾದ್ಯಗಳು. ಬುರ್ಚಿಬಾಸ್ ಅಂತ ಒಂದು ಪೀಪಾಯಿ, ಕೆಳಗೆ ಕುದುರೆ ಬಾಲದ ಕೂದಲು ಇಳಿಬಿಟ್ಟಿರ್ತಾರೆ, ಒದ್ದೆ ಕೈಯಲ್ಲಿ ಅದನ್ನ ಎಳೆದ್ರೆ ಹೊಟ್ಟೆ ನಡುಗೋ ಹಾಗೆ ಗುರ್ ಅನ್ನತ್ತೆ. ನೋಡ್ಕೊಳ್ಳೋರನ್ನ ಕೇಳಿ, ಸಣ್ಣ ಜಾಗಗಳಲ್ಲಿ ಕೇಳಿದ್ರೆ ಬಾಯ್ತುಂಬಾ ಹೇಳ್ತಾರೆ, ಭಾಷೆ ಬರಲ್ಲ ಅಂತ ಸುಮ್ನಿರಬೇಡಿ, ಮಗಳಿಗೆ ಅಷ್ಟಿಷ್ಟು ಪೋಲಿಷ್ ಬಂದ್ರೆ ಸಾಕು.

ಕಾರ್ತುಜಿಯಿಂದ ಹತ್ರದಲ್ಲೇ ಹ್ಮೆಲ್ನೊ, ಅಲ್ಲಿ ನೆತ್ಸೆಲ್ ಮನೆತನದವರು ತಲೆಮಾರುಗಳಿಂದ ಮಡಕೆ ಮಾಡ್ತಾ ಬಂದಿದಾರೆ, ಕೆಲಸದ ಜಾಗವೂ ಮ್ಯೂಸಿಯಮ್ಮೂ ಒಟ್ಟಿಗೇ ಇದೆ. ಟ್ಯುಲಿಪ್, ಮೀನಿನ ಹುರುಪೆ, ಲೈಲಾಕ್ ಹೂ, ಕಾಶುಬಿಯನ್ ನಕ್ಷತ್ರ ಇವೇ ಅವರ ಚಿತ್ತಾರ.

ಇನ್ನು ಆ ತಲೆಕೆಳಗಾದ ಮನೆ. ಶಿಂಬಾರ್ಕ್‌ನಲ್ಲಿದೆ, 2007ರಲ್ಲಿ ಕಟ್ಟಿದ್ದು, ಅಟ್ಟದ ಕಿಟಕಿಯಿಂದ ಒಳಗೆ ಹೋಗಿ ಛಾವಣಿ ಮೇಲೆ ನಡೀಬೇಕು, ತಲೆ ನಿಜವಾಗ್ಲೂ ಸುತ್ತತ್ತೆ, ಬಿಪಿ ಇರೋರು ಹುಷಾರು. ಮಕ್ಕಳಿದ್ರೆ ಖಂಡಿತ ಹೋಗಿ. ಆದ್ರೆ ಅದೇ ಕಾಂಪೌಂಡ್‌ನಲ್ಲಿ ಸೈಬೀರಿಯಾದಿಂದ ತಂದ ಒಂದು ಮರದ ಮನೆ ಇದೆ, ಗಡೀಪಾರಾದ ಪೋಲಿಷ್ ಜನರ ನೆನಪಿಗೆ ಇಟ್ಟಿದ್ದು, ಅಲ್ಲಿಗೆ ಬರೋ ಮುಕ್ಕಾಲು ಜನ ಸೆಲ್ಫಿ ತಗೊಂಡು ಇದನ್ನ ನೋಡ್ದೇನೇ ಹೋಗ್ತಾರೆ ಅನ್ಸತ್ತೆ ನಂಗೆ, ನೀವು ಹಾಗೆ ಮಾಡಬೇಡಿ. ಪಕ್ಕದ ವಿಯೆಜಿತ್ಸಾ ಗುಡ್ಡ 329 ಮೀಟರ್, ಮೇಲೆ ಗೋಪುರ ಇದೆ, ಮೋಡ ಇಲ್ದಿದ್ರೆ ಹತ್ತಿ.

ಪ್ರಶ್ನೆ: ಕಾರ್ ಇಲ್ದೆ ಆಗತ್ತಾ?
– ಮೈಸೂರು

ಉತ್ತರ: ಕಾರ್ತುಜಿಗೆ ಆಗತ್ತೆ, ಗ್ದಾನ್ಸ್ಕ್‌ನಿಂದ ಏರ್‌ಪೋರ್ಟ್ ಮೇಲೆ ಹೋಗೋ ರೈಲಿದೆ. ಆ ಏರ್‌ಪೋರ್ಟ್ ಲೈನು ಶುರುವಾಗಿದ್ದು 2015ರಲ್ಲಿ. ವ್ಜಿಡ್ಜೆಗೆ ಕೊಶ್ಚೆಜಿನಾ ಊರಿನ ತನಕ ಹೋಗಿ ಅಲ್ಲಿಂದ ಬಸ್ ಅಥವಾ ಟ್ಯಾಕ್ಸಿ, ಹಳ್ಳಿ ಬಸ್ಸುಗಳು ಕಮ್ಮಿ, ಭಾನುವಾರ ಇನ್ನೂ ಕಮ್ಮಿ. ಮೂರ್ನಾಲ್ಕು ಜನ ಇದ್ರೆ ಒಂದು ದಿನಕ್ಕೆ ಕಾರ್ ಬಾಡಿಗೆಗೆ ತಗೊಳ್ಳೋದೇ ವಾಸಿ. ಸೋಮವಾರ ಬಹಳಷ್ಟು ಮ್ಯೂಸಿಯಂ ರಜೆ, ಚಳಿಗಾಲದಲ್ಲಿ ಟೈಮೂ ಕಮ್ಮಿ, ಹೊರಡೋ ಹಿಂದಿನ ದಿನ ಅವರ ವೆಬ್‌ಸೈಟ್ ನೋಡಿ. ದಾರೀಲಿ ಎಷ್ಟೋ ಕಡೆ ಊರಿನ ಬೋರ್ಡಲ್ಲಿ ಎರಡು ಹೆಸರು ಕಾಣತ್ತೆ, ಒಂದು ಪೋಲಿಷ್, ಇನ್ನೊಂದು ಕಾಶುಬಿಯನ್. 2005ರ ಕಾನೂನಿನಲ್ಲಿ ಈ ಕಾಶುಬಿಯನ್‌ಗೆ ಪ್ರಾದೇಶಿಕ ಭಾಷೆ ಅಂತ ಮಾನ್ಯತೆ ಸಿಕ್ಕಿದೆ, ಶಾಲೇಲೂ ಕಲಿಸ್ತಾರೆ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಊಟಕ್ಕೆ?
– ಹುಬ್ಬಳ್ಳಿ

ಉತ್ತರ: ಅಲ್ಲಿ ಮೀನು, ಬಾತುಕೋಳಿ ಜಾಸ್ತಿ, ಆದ್ರೆ ಉಪವಾಸ ಬೀಳಲ್ಲ. ಆಲೂಗಡ್ಡೆ ಮತ್ತೆ ಚೀಸ್ ತುಂಬಿದ, ನಮ್ಮ ಕಡುಬಿನ ಥರದ ಪಿಯೆರೊಗಿ ಸಿಗತ್ತೆ, ಅದಕ್ಕೆ ಪಿಯೆರೊಗಿ ರುಸ್ಕಿಯೆ ಅಂತಾರೆ, ಹುರಿದ ಆಲೂಗಡ್ಡೆ ದೋಸೆ ಥರದ ಪ್ಲಾಟ್ಸ್ಕಿ ಕೂಡ ಇರತ್ತೆ. ಒಂದು ಎಚ್ಚರ, ಪಿಯೆರೊಗಿ ಮೇಲೆ ಹಂದಿ ಕೊಬ್ಬಿನ ಚೂರು ಹುರಿದು ಹಾಕೋ ರೂಢಿ ಇದೆ, ಆರ್ಡರ್ ಮಾಡೋವಾಗ್ಲೇ "ಬೆಸ್ ಸ್ಕ್ವಾರೆಕ್" (ಆ ಚೂರು ಬೇಡ) ಅಂತ ಹೇಳಿ, ಸಾದಾ ಬೆಣ್ಣೆ ಅಥವಾ ಕ್ರೀಮ್ ಜೊತೆ ಕೊಡ್ತಾರೆ. ಜೂನ್, ಜುಲೈನಲ್ಲಾದ್ರೆ ಸ್ಟ್ರಾಬೆರಿ ಸೀಸನ್, ಕಾಶುಬಿಯಾದ ಸ್ಟ್ರಾಬೆರಿಗೆ 2009ರಲ್ಲಿ ಯುರೋಪಿಯನ್ ಯೂನಿಯನ್‌ನ ಭೌಗೋಳಿಕ ಗುರುತು ಸಿಕ್ಕಿದೆ, ರಸ್ತೆ ಬದೀಲಿ ಬುಟ್ಟಿ ಇಟ್ಕೊಂಡು ಮಾರ್ತಾರೆ, ಅಲ್ಲಿನ ದುಡ್ಡು ಝ್ಲೊಟಿ, ಚಿಲ್ಲರೆ ಇಟ್ಕೊಳ್ಳಿ, ಅಂಥ ಕಡೆ ಕಾರ್ಡ್ ನಡೆಯತ್ತೆ ಅಂತ ನಂಬ್ಕೊಂಡು ಹೋಗಬೇಡಿ.