ಸಮುದ್ರದ ಮೀನುಗಳು ಮೇಯುವ ಪ್ರದೇಶ ಕಾಲಕ್ರಮೇಣ ಬದಲಾಗುವುದೇಕೆ?

ಹೆಚ್ಚಿನ ಮೀನುಗಳ ದೇಹದ ಉಷ್ಣತೆಯು ಸುತ್ತಲಿನ ನೀರಿನ ಉಷ್ಣತೆಯನ್ನೇ ಅನುಸರಿಸುತ್ತದೆ. ನೀರು ಬೆಚ್ಚಗಾದಂತೆ ಅವುಗಳಿಗೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ, ಆದರೆ ಅಂತಹ ನೀರಿನಲ್ಲಿ ಕರಗಿರುವ ಆಮ್ಲಜನಕವೇ ಕಡಿಮೆ. ಆದ್ದರಿಂದ ಅವು ಧ್ರುವಗಳತ್ತ ಅಥವಾ ಇನ್ನೂ ಆಳಕ್ಕೆ ಸರಿಯುತ್ತವೆ.

ಆದರೂ ಉಷ್ಣತೆಯೊಂದನ್ನೇ ಕಾರಣವೆನ್ನುವುದು ಸರಿಯಲ್ಲ, ನನ್ನ ದೃಷ್ಟಿಯಲ್ಲಿ ಆಹಾರದ ಚಲನೆಯೂ ಅಷ್ಟೇ ಮುಖ್ಯ. ಬ್ರಿಟನ್ ಮತ್ತು ನಾರ್ವೆಗಳ ನಡುವಿನ ಉತ್ತರ ಸಮುದ್ರದಲ್ಲಿ ತಂಪು ನೀರನ್ನು ಬಯಸುವ, ಅಕ್ಕಿಕಾಳಿಗಿಂತಲೂ ಚಿಕ್ಕದಾದ ಕೋಪೆಪಾಡ್ ಎಂಬ ಪ್ಲವಕ (ನೀರಿನಲ್ಲಿ ತೇಲುವ) ಜೀವಿಗಳು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಉತ್ತರಕ್ಕೆ ಸರಿದಾಗ, ಅವುಗಳನ್ನೇ ತಿಂದು ಬೆಳೆಯುತ್ತಿದ್ದ ಕಾಡ್ ಮೀನಿನ ಮರಿಗಳಿಗೆ ಆಹಾರದ ಕೊರತೆಯುಂಟಾಯಿತು. ಪೆರು ದೇಶದ ಕರಾವಳಿಯಲ್ಲಿ ಆಳದ ತಣ್ಣನೆಯ ನೀರು ಪೋಷಕಾಂಶಗಳನ್ನು ಮೇಲಕ್ಕೆ ತರುತ್ತದೆ. ಪೆಸಿಫಿಕ್ ಸಾಗರದ ಮೇಲ್ಮೈ ನೀರು ಎಂದಿಗಿಂತ ಬೆಚ್ಚಗಾಗುವ ಎಲ್ ನಿನೊ ವರ್ಷಗಳಲ್ಲಿ ಇದು ಕುಂಠಿತವಾಗುವುದರಿಂದ ಅಲ್ಲಿನ ಆಂಚೊವಿ ಮೀನುಗಳು ದಡದ ಸಮೀಪದ ಕಿರಿದಾದ ತಂಪು ಪಟ್ಟಿಗೆ ಅಥವಾ ದಕ್ಷಿಣಕ್ಕೆ ಸರಿಯುತ್ತವೆ.

ಮೀನುಗಳ ಸಂಖ್ಯೆಯೂ ಕಾರಣವಾಗುತ್ತದೆ. ಗುಂಪು ದೊಡ್ಡದಾದಾಗ ಹಳೆಯ ಪ್ರದೇಶದಲ್ಲಿ ಆಹಾರಕ್ಕಾಗಿ ಸ್ಪರ್ಧೆ ಹೆಚ್ಚಿ, ಅಂಚಿನ ಮೀನುಗಳು ಹೊಸ ಜಾಗಗಳಿಗೆ ಹರಡುತ್ತವೆ. ನಮ್ಮ ಬಂಗುಡೆಯ ದೂರದ ಬಂಧುವಾದ ಅಟ್ಲಾಂಟಿಕ್ ಮ್ಯಾಕೆರೆಲ್ 2007ರ ನಂತರ ಬೇಸಿಗೆಯಲ್ಲಿ ಐಸ್‌ಲ್ಯಾಂಡಿನ ಸುತ್ತ ಹೇರಳವಾಗಿ ಕಾಣಿಸಿಕೊಂಡು, ಮುಂದೆ ಗ್ರೀನ್‌ಲ್ಯಾಂಡಿನವರೆಗೂ ಹರಡಿದ್ದರ ಹಿಂದೆ ಬೆಚ್ಚಗಿನ ನೀರು, ಆಹಾರದ ಹುಡುಕಾಟ ಮತ್ತು ಬೆಳೆದ ಸಂಖ್ಯೆ ಮೂರೂ ಸೇರಿದ್ದವು. ಯಾರು ಎಷ್ಟು ಹಿಡಿಯಬೇಕೆಂಬ ಬಗ್ಗೆ ಐಸ್‌ಲ್ಯಾಂಡ್, ನಾರ್ವೆ ಮತ್ತು ಐರೋಪ್ಯ ಒಕ್ಕೂಟಗಳ ನಡುವೆ ದೀರ್ಘ ವಿವಾದವೇ ಹುಟ್ಟಿತು, ಏಕೆಂದರೆ ಹಂಚಿಕೆಯ ಒಪ್ಪಂದಗಳು ಮೀನುಗಳ ಹಳೆಯ ನೆಲೆಯನ್ನು ಆಧರಿಸಿದ್ದವು.