ಬೋರ್ ಕೊರೆಸೋದಾ, ಬೇಡವಾ? ಹುಣಸೆ ಬೀಜ ಇಟ್ಟು ನೋಡಿದೆವು

ಡಿಸಿಷನ್ ಟ್ರೀ, ಅಂದರೆ ತೀರ್ಮಾನವನ್ನು ಮರದ ಕೊಂಬೆಗಳ ಹಾಗೆ ಬರೆದು ನೋಡೋ ವಿಧಾನ, ಕೋರ್ಸಿನಲ್ಲಿ ಕಲಿತೆ, ಇದು ಕಂಪ್ಯೂಟರಿಗೆ ಮಾತ್ರಾನಾ, ಇಲ್ಲ ಮನೆ-ಹೊಲದ ತೀರ್ಮಾನಕ್ಕೂ ಬರುತ್ತಾ ಅಂತ ಕೇಳಿದ್ದೀರಿ. ಖಂಡಿತ ಬರುತ್ತೆ. ನಮ್ಮ ಮನೆಯಲ್ಲಿ ಒಂದು ದೊಡ್ಡ ಜಗಳ ಅದರಿಂದಲೇ ಬಗೆಹರಿಯಿತು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕೋರ್ಸಿನ ಮರ ಬೇರೆ. ಅದಕ್ಕೆ ಹಳೆಯ ದಾಖಲೆ ರಾಶಿ ಹಾಕಿದರೆ ಯಾವ ಪ್ರಶ್ನೆ ಮೊದಲು ಕೇಳಬೇಕು ಅಂತ ಯಂತ್ರವೇ ಹುಡುಕಿಕೊಳ್ಳುತ್ತೆ. ಕಂಪ್ಯೂಟರ್ ವಿಜ್ಞಾನಿ ರಾಸ್ ಕ್ವಿನ್ಲನ್ 1986ರ ಲೇಖನದಲ್ಲಿ ವಿವರಿಸಿದ ಐಡಿ3 ಅನ್ನೋ ವಿಧಾನ ಆ ಜಾತಿಯದು. ಮನೆಗೆ ಬೇಕಾದ ಮರ ಇನ್ನೂ ಹಳೆಯದು. 1964ರಲ್ಲೇ ಜಾನ್ ಮ್ಯಾಗೀ ಅದರ ಬಗ್ಗೆ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಅನ್ನೋ ಪತ್ರಿಕೆಯಲ್ಲಿ ಬರೆದಿದ್ದರು. ಅದರಲ್ಲಿ ಮುಖ್ಯವಾಗಿ ಎರಡೇ ಗುರುತು. ಚೌಕ ಹಾಕಿದ ಕಡೆ ಆರಿಸೋದು ನಾವು. ದುಂಡು ಹಾಕಿದ ಕಡೆ ನಮ್ಮ ಕೈಲಿ ಏನೂ ಇಲ್ಲ. ಕೊಂಬೆಗಳ ತುದಿಯಲ್ಲಿ ಲಾಭ-ನಷ್ಟ ಬರೆದು, ಅಲ್ಲಿಂದ ಬುಡದ ಕಡೆಗೆ ಲೆಕ್ಕ ಹಾಕುತ್ತಾ ಬರಬೇಕು.

ನಮ್ಮದು ಮುಳಬಾಗಿಲು ತಾಲ್ಲೂಕು. ವರ್ಷಪೂರ್ತಿ ಹರಿಯುವ ನದಿ ಕೋಲಾರ ಜಿಲ್ಲೆಯಲ್ಲೇ ಇಲ್ಲ, ನಮಗೆ ಬೋರೇ ಗತಿ. ಮೂರು ವರ್ಷದ ಹಿಂದೆ ಟೊಮೇಟೊ ಹೂವಿಗೆ ಬಂದ ಹೊತ್ತಿಗೆ ನಮ್ಮ ಬೋರ್ ಬರೀ ಗಾಳಿ ಹೊಡೆಯೋಕೆ ಶುರುವಾಯಿತು. ಮಾವ ಹೊಸ ಬೋರ್ ಕೊರೆಸೋಣ ಅಂದರು. ನಮ್ಮವರು ಕೃಷಿ ಹೊಂಡ ತೆಗೆಸಿ ಪ್ಲಾಸ್ಟಿಕ್ ಹಾಸೋಣ, ಡ್ರಿಪ್ ಮಾಡೋಣ ಅಂದರು. ಹದಿನೈದು ದಿನ ಇಬ್ಬರೂ ಸರಿಯಾಗಿ ಮಾತಾಡಲಿಲ್ಲ. ಮನೆಯ ಲೆಕ್ಕ ಬರೆಯೋದು ನಾನು. ಒಂದು ಸಂಜೆ ಹಳೆ ಕ್ಯಾಲೆಂಡರ್ ಹಾಳೆ ತಿರುಗಿಸಿ ಹಾಕಿಕೊಂಡು, ಒಂದು ಚೌಕ ಬರೆದು, ಎರಡು ಕೊಂಬೆ ಎಳೆದೆ.

ಬೋರ್ ಕೊಂಬೆಯಲ್ಲಿ ದುಂಡು: ನೀರು ಬರುತ್ತೆ, ಇಲ್ಲ ಬರೀ ಧೂಳು ಬರುತ್ತೆ. ನೀರು ಬಂದರೆ ಮೋಟರು, ಪೈಪು, ಕೇಬಲ್ಲು ಎಲ್ಲಾ ಖರ್ಚು ಕಳೆದು ಮೂರು ವರ್ಷಕ್ಕೆ 6 ಲಕ್ಷ ಕೈಗೆ. ಫೇಲಾದರೆ 4.5 ಲಕ್ಷ ಹೋಯಿತು. ಹೊಂಡದ ಕೊಂಬೆಯಲ್ಲಿ ದುಂಡು ಮಳೆಯದು. ಮಳೆ ಹಿಡಿದರೆ 1.6 ಲಕ್ಷ ಉಳಿತಾಯ, ಕೈಕೊಟ್ಟರೆ 60 ಸಾವಿರ ನಷ್ಟ. ಇವು ನಮ್ಮ ಎರಡು ಎಕರೆಯ ಅಂದಾಜು, ನಿಮ್ಮಲ್ಲಿ ಬೇರೆ ಇರುತ್ತೆ.

ಈಗ ಸಾಧ್ಯತೆ. ಇಲ್ಲೇ ಎಲ್ಲರೂ ನಿಂತುಬಿಡೋದು, ಶೇಕಡಾ ಎಷ್ಟು ಅಂತ ಯಾರಿಗೆ ಗೊತ್ತು ಅಂತ. ಶೇಕಡಾ ಯಾಕೆ ಬೇಕು? ಸುತ್ತಮುತ್ತ ನಾಲ್ಕು ವರ್ಷದಲ್ಲಿ ಕೊರೆಸಿದ ಬೋರ್ ಎಣಿಸಿ ಅಂದೆ. ಮಾವ ಡಬ್ಬಿಯಿಂದ ಹುಣಸೆ ಬೀಜ ತಂದು, ಒಂದೊಂದು ಹೊಲದ ಹೆಸರು ಹೇಳುತ್ತಾ ಇಟ್ಟರು. ಒಟ್ಟು ಎಂಟು. ನಾಲ್ಕು ನೀರಿನ ಕಡೆ, ನಾಲ್ಕು ಧೂಳಿನ ಕಡೆ. ಆಮೇಲೆ ನೀರಿನ ಕಡೆಯ ಒಂದು ಬೀಜದ ಮೇಲೆ ಬೆರಳಿಟ್ಟು ಸುಮ್ನೆ ಕೂತರು. 'ಇದು ನಾಲ್ಕೇ ತಿಂಗಳು ಬಂದಿದ್ದು ಕಣಮ್ಮ' ಅಂತ ಹೇಳಿ ಧೂಳಿನ ಕಡೆಗೆ ಅವರೇ ತಳ್ಳಿದರು. ಎಂಟರಲ್ಲಿ ಮೂರು ಆಯಿತು.

ಲೆಕ್ಕ ಸಣ್ಣದು. 6 ಲಕ್ಷದ ಎಂಟರಲ್ಲಿ ಮೂರು ಪಾಲು 2.25 ಲಕ್ಷ. 4.5 ಲಕ್ಷದ ಎಂಟರಲ್ಲಿ ಐದು ಪಾಲು ಸುಮಾರು 2.81 ಲಕ್ಷ. ಕಳೆದರೆ ಬೋರಿಗೆ ಸರಾಸರಿ 56 ಸಾವಿರ ನಷ್ಟ. ಹೊಂಡಕ್ಕೆ, ನಾಲ್ಕರಲ್ಲಿ ಮೂರು ಸಲ ಮಳೆ ಆಗುತ್ತೆ ಅಂತ ಹಿಡಿದರೆ, 1.05 ಲಕ್ಷ ಲಾಭ.

ನನಗೆ ಈ ಉತ್ತರಕ್ಕಿಂತ ಜಾಸ್ತಿ ಉಪಯೋಗ ಆಗಿದ್ದು ಅದನ್ನೇ ತಿರುಗಿಸಿ ಕೇಳಿದ್ದು. ಎಂಟರಲ್ಲಿ ಎಷ್ಟು ಬೋರಿಗೆ ನೀರು ಬಂದಿದ್ದರೆ ಹೊಂಡಕ್ಕಿಂತ ಬೋರೇ ಮೇಲು? ನಾಲ್ಕಕ್ಕೆ ಹಾಕಿದೆ, 75 ಸಾವಿರ ಬಂತು, ಸಾಲದು. ಐದಾದರೆ ಗೆಲ್ಲುತ್ತೆ. ಮೂರು ಸರಿಯೋ ನಾಲ್ಕು ಸರಿಯೋ ಅನ್ನೋ ಜಗಳವೇ ಬೇಕಿಲ್ಲ ಅಲ್ವಾ? 'ಐದು ಬರುತ್ತೆ ಅಂತ ಅನಿಸುತ್ತಾ ಮಾವ?' ಅಂದೆ. ಅವರು ಬೀಜಗಳನ್ನೇ ನೋಡುತ್ತಾ ತಲೆ ಆಡಿಸಿದರು. ಇಲ್ಲ ಅಂತ.

ನೀರಿನ ಪಾಯಿಂಟ್ ತೋರಿಸೋರನ್ನು ಕರೆಸೋಣ ಅನ್ನೋ ಮಾತೂ ಬಂತು. ಅವರು ನೀರಿಲ್ಲ ಅಂದರೆ ಬೋರ್ ಬಿಡುತ್ತೀರಾ ಅಂತ ಮಾವನನ್ನು ಕೇಳಿದೆ. ಬಿಡಲ್ಲ, ಇನ್ನೊಬ್ಬರನ್ನು ಕರೆಸುತ್ತೇನೆ ಅಂದರು. ಯಾವ ಉತ್ತರ ಬಂದರೂ ತೀರ್ಮಾನ ಬದಲಾಗಲ್ಲ ಅಂದಮೇಲೆ ಆ ವಿಷಯ ತಿಳಿಯೋಕೆ ದುಡ್ಡು ಕೊಡಬಾರದು.

ನೀವೂ ಬೋರಿಗೆ ಮರ ಬರೆಯೋದಾದರೆ ಒಂದು ಎಚ್ಚರಿಕೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಜಿಲ್ಲೆಯ ಎಷ್ಟೋ ಕೆರೆಗಳಿಗೆ ಬರುತ್ತಿದೆ. ನಿಮ್ಮ ಪಕ್ಕದ ಕೆರೆ ಅದರಲ್ಲಿದ್ದರೆ, ಕೆರೆ ತುಂಬಿದ ಮೇಲೆ ಕೊರೆಸಿದ ಬೋರನ್ನು ಮಾತ್ರ ಎಣಿಸಿ. ಹಳೆಯ ಬೀಜ ಈಗಿನ ನೀರಿನ ಲೆಕ್ಕ ಹೇಳಲ್ಲ.

ಇನ್ನೊಂದು ಮಾತು. ಸರಾಸರಿ ಚೆನ್ನಾಗಿದೆ ಅಂತ ಎಲ್ಲಾ ಕೊಂಬೆಗೂ ಹತ್ತಬೇಡಿ. ನಮಗೆ ಆ 4.5 ಲಕ್ಷ ಬರಬೇಕಿದ್ದಿದ್ದು ಅತ್ತೆಯ ಒಡವೆ ಅಡವಿಟ್ಟು. ಎಂಟರಲ್ಲಿ ಐದು ಬಂದಿದ್ದರೂ ನಾನು ಬೇಡ ಅಂತಲೇ ಹೇಳುತ್ತಿದ್ದೆ. ತಡೆದುಕೊಳ್ಳೋಕೆ ಆಗದ ನಷ್ಟ ಇರೋ ತುದಿಗೆ ಮೊದಲೇ ಕೆಂಪು ಗೀಟು ಹಾಕಿ, ಆಮೇಲೆ ಲೆಕ್ಕಕ್ಕೆ ಕೂರಿ.

ಹೊಂಡ ತೆಗೆಸಿದೆವು. ಮಾರನೇ ವರ್ಷ ಪಕ್ಕದ ಹೊಲದವರು ಕೊರೆಸಿದ ಬೋರಿಗೆ ಎರಡು ಇಂಚು ನೀರು ಬಂತು. ಊರಲ್ಲಿ ನಾಲ್ಕು ಜನ ನಾಲ್ಕು ಮಾತಾಡಿದರು, ನಮ್ಮವರಿಗೂ ಬೇಜಾರಾಯಿತು. ಮಾವ ಏನೂ ಅನ್ನಲಿಲ್ಲ. ಸಂಜೆ ಮನೆಗೆ ಬಂದವರೇ ಕ್ಯಾಲೆಂಡರ್ ಹಾಳೆ ಬಿಡಿಸಿ, ಬೀಜಗಳನ್ನು ಮೊದಲಿನ ಹಾಗೇ ಇಟ್ಟು, ನೀರಿನ ಕಡೆ ಹೊಸದೊಂದು ಸೇರಿಸಿದರು. ಒಂಬತ್ತರಲ್ಲಿ ನಾಲ್ಕು. 'ಇನ್ನೂ ಸಾಲದು' ಅಂದು ಬೀಜ ಎಲ್ಲಾ ವಾಪಸ್ ಡಬ್ಬಿಗೆ ಹಾಕಿದರು.